ಗ್ರಾಮ ಸಭೆಯ ನಡಾವಳಿ ಪುಸ್ತಕ ನಂಬಿ ಪಿಎಚ್‌ಡಿ ಮಾಡಬಹುದಾ?

ಗ್ರಾಮ ಸಭೆಯ ನಡಾವಳಿ ಪುಸ್ತಕಗಳ ಮೇಲೆಯೇ ಪಿಎಚ್‌ಡಿ ಮಾಡಬಹುದಾ, 'ಇದು ಬರೀ ಓದೋ ಕೆಲಸ, ಸಂಶೋಧನೆ ಎಲ್ಲಿದೆ' ಅಂತ ಗೈಡ್ ಕೇಳಿದರೆ ಏನು ಹೇಳಲಿ ಅಂತ ಕೇಳಿದ್ದೀರಿ.

ಮಾಡಬಹುದು. ನಾನೂ ಅದನ್ನೇ ಮಾಡಿದೆ, ಮೊದಲ ಆರು ತಿಂಗಳು ತಪ್ಪಾಗಿ. ಹಾಜರಾತಿ ಪುಟದಲ್ಲಿ ಹೆಂಗಸರ ಸಹಿ, ಹೆಬ್ಬೆಟ್ಟು ಎಣಿಸಿ, ಸಭೆಗೆ ಮಹಿಳೆಯರು ಚೆನ್ನಾಗಿ ಬರುತ್ತಾರೆ ಅಂತ ಒಂದು ಅಧ್ಯಾಯವನ್ನೇ ಬರೆದಿದ್ದೆ. ಆಮೇಲೆ ಆ ಊರಿನ ಅಜ್ಜಿಯೊಬ್ಬರು ನಕ್ಕು ಹೇಳಿದರು: ಅವರು ಸಭೆಗೆ ಹೋಗಿರಲೇ ಇಲ್ಲ, ಪುಸ್ತಕವೇ ಅವರ ಜಗಲಿಗೆ ಬಂದಿತ್ತು!

ಹಾಗಂತ ಪುಸ್ತಕ ಸುಳ್ಳು ಅಂತ ಪಕ್ಕಕ್ಕಿಡಬೇಡಿ. ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ, ತೋರಿಸಲೇಬೇಕಾದ ಒತ್ತಡ ಎಷ್ಟಿದೆ ಅನ್ನುವುದಕ್ಕೆ ಆ ಹೆಬ್ಬೆಟ್ಟುಗಳೇ ಸಾಕ್ಷಿ. ನಡಾವಳಿಯನ್ನು ನಮ್ಮ ನಿಮ್ಮಂಥವರು ಓದಲಿ ಅಂತ ಬರೆಯುವುದಿಲ್ಲ, ಆಡಿಟ್‌ನವರು ಓದುತ್ತಾರೆ ಅಂತ ಬರೆಯುತ್ತಾರೆ. 'ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು' ಅನ್ನುವ ಸಾಲು ಮತ್ತೆ ಮತ್ತೆ ಸಿಗುತ್ತದೆ. ಅದಕ್ಕೆ 'ಒಮ್ಮತ' ಅಂತ ಕೋಡ್ (ಸಾಲುಗಳನ್ನು ವಿಷಯವಾರು ವಿಂಗಡಿಸಲು ಹಾಕುವ ಗುರುತು) ಹಾಕಿದರೆ ಕೆಟ್ಟಿರಿ. ಅದು ಸುಮ್ನೆ ಬರವಣಿಗೆಯ ರೂಢಿ. ಆ ರೂಢಿ ತಪ್ಪಿದ ಕಡೆ ನಿಲ್ಲಿ. ಯಾರದೋ ಆಕ್ಷೇಪವನ್ನು ಹೆಸರು ಹಾಕಿ ಬರೆದಿದ್ದರೆ, ಆ ದಿನ ಏನೋ ನಡೆದಿದೆ ಅಂತಲೇ ಅರ್ಥ, ಅಲ್ವಾ? ಯಾರನ್ನು ಹುಡುಕಿ ಮಾತಾಡಿಸಬೇಕು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಗೈಡ್‌ಗೆ ಉತ್ತರ ಬೇಕಲ್ಲ, ಸಮಾಜಶಾಸ್ತ್ರಜ್ಞ ಜಾನ್ ಸ್ಕಾಟ್ 1990ರಲ್ಲಿ ಹೇಳಿದ ನಾಲ್ಕು ಒರೆಗಲ್ಲುಗಳನ್ನು ಮುಂದಿಡಿ. ದಾಖಲೆ ಅಸಲಿಯಾ? ಅದರಲ್ಲಿರುವುದನ್ನು ನಂಬಬಹುದಾ? ಇಂಥವೆಲ್ಲ ಹೀಗೇ ಇರುತ್ತವಾ, ಇದೊಂದೇ ಬೇರೆಯಾ? ಅದರ ಅರ್ಥವೇನು? ನಾನು ಪ್ರತಿ ಪುಸ್ತಕಕ್ಕೂ ಎಕ್ಸೆಲ್‌ನಲ್ಲಿ ಒಂದು ಸಾಲು ಮಾಡಿ, ಈ ನಾಲ್ಕಕ್ಕೂ ಉತ್ತರ ಬರೆದಿಟ್ಟೆ. ಯಾರು ಬರೆದದ್ದು, ಸಭೆಯ ದಿನವೇ ಬರೆದಂತಿದೆಯಾ, ಎಷ್ಟು ಹಾಳೆ ಖಾಲಿ ಬಿಟ್ಟಿದ್ದಾರೆ, ಎಲ್ಲ.

ಜೆರಾಕ್ಸ್ ನೆಚ್ಚಬೇಡಿ. ಶಾಯಿಯ ಬಣ್ಣ, ಆಮೇಲೆ ತುರುಕಿದ ಸಾಲು, ಅಂಟಿಸಿದ ಚೀಟಿ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ನಕಲು ಕೇಳುವುದಷ್ಟೇ ಅಲ್ಲ, ಕಚೇರಿಯಲ್ಲೇ ಕೂತು ಮೂಲ ದಾಖಲೆ ನೋಡುವ ಹಕ್ಕೂ ಇದೆ. ಕೋಡಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ಪುಟ ಸ್ನೇಹಿತರೊಬ್ಬರಿಂದಲೂ ಮಾಡಿಸಿ, ಎಲ್ಲಿ ಹೊಂದಲಿಲ್ಲ ಅಂತ ಕೂತು ಮಾತಾಡಿ. ನಡಾವಳಿಯನ್ನು ಕ್ರಿಯಾ ಯೋಜನೆ, ಬಿಲ್ಲುಗಳ ಜೊತೆ ತಾಳೆ ನೋಡುವುದನ್ನು ಮಾತ್ರ ಬಿಡಬೇಡಿ.

ನನಗೆ ಒಂದು ವರ್ಷದ ಪುಸ್ತಕ ಸಿಗಲೇ ಇಲ್ಲ. ಮುಚ್ಚಿಡದೆ ಪ್ರಬಂಧದಲ್ಲಿ ಹಾಗೇ ಬರೆದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲ ಪ್ರಶ್ನೆ ಬಂದದ್ದು ಅದರ ಬಗ್ಗೆಯೇ.