ಟೀವಿ ಬಂತು, ಹಿಂದಿನ ಬೆಂಚು ಮತ್ತೆ ತೂಕಡಿಸ್ತಿದೆ, ಏನ್ ಮಾಡೋದು ಸರ್?

ಪ್ರಶ್ನೆ: ಸರ್ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನ ಟೀಚರ್. ಹಳೇ ವಿದ್ಯಾರ್ಥಿಗಳು ಸೇರಿ ಸ್ಕೂಲಿಗೆ ದೊಡ್ಡ ಸ್ಮಾರ್ಟ್ ಟೀವಿ ಕೊಡ್ಸಿದಾರೆ. ಮೊದಲ ವಾರ ಮಕ್ಕಳು ಬಾಯಿ ಬಿಟ್ಕೊಂಡು ನೋಡಿದ್ರು, ಈಗ ವಿಡಿಯೋ ಹಾಕಿ ಐದು ನಿಮಿಷಕ್ಕೆಲ್ಲ ಹಿಂದಿನ ಬೆಂಚು ತೂಕಡಿಸುತ್ತೆ. ನೆಟ್ ಬಂದ್ರೆ ಬಂತು ಇಲ್ದಿದ್ರೆ ಇಲ್ಲ. ಇನ್ನೂ ಒಳ್ಳೇ ವಿಡಿಯೋ ಎಲ್ಲಿ ಸಿಗ್ತವೆ?

ಉತ್ತರ: ಮೇಡಂ, ಇನ್ನೂ ಒಳ್ಳೇ ವಿಡಿಯೋ ಹುಡುಕೋಕೆ ಹೋಗ್ಲೇಬೇಡಿ. ಮನೇಲಿ ಅಪ್ಪನ ಮೊಬೈಲಲ್ಲಿ ಅದಕ್ಕಿಂತ ಚುರುಕಾಗಿರೋ ರೀಲ್ಸ್ ನೋಡ್ಕೊಂಡು ಬಂದಿರ್ತಾರೆ, ಆ ರೇಸಲ್ಲಿ ಮೇಷ್ಟ್ರು ಯಾವತ್ತೂ ಗೆಲ್ಲಲ್ಲ. ವಿಡಿಯೋ ಓಡ್ತಿರುವಾಗ ಮಗುಗೆ ಮಾಡೋಕೆ ಏನ್ ಕೆಲಸ ಇದೆ ಯೋಚನೆ ಮಾಡಿ, ಏನೂ ಇಲ್ಲ, ಸುಮ್ನೆ ಕೂತವರಿಗೆ ನಿದ್ದೆ ಬರುತ್ತೆ, ಟ್ರೈನಿಂಗಲ್ಲಿ ಊಟ ಆದ್ಮೇಲೆ ನಮಗೇ ಬರಲ್ವಾ.

ಮಕ್ಕಳ ಕೈಗೆ ಕೆಲಸ ಕೊಡೋಕೆ ಫೆಟ್ (PhET) ಅಂತ ಒಂದು ವೆಬ್‌ಸೈಟ್ ಇದೆ, ಅಮೆರಿಕಾದ ಕೊಲೊರಾಡೊ ಬೋಲ್ಡರ್ ಯೂನಿವರ್ಸಿಟಿದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದ ಕಾರ್ಲ್ ವೈಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಫ್ರೀ, ಕನ್ನಡದಲ್ಲೂ ಸುಮಾರು ಸಿಮ್ಯುಲೇಶನ್, ಅಂದ್ರೆ ಪರದೆ ಮೇಲೆ ನಾವೇ ಮಾಡಿ ನೋಡೋ ಪ್ರಯೋಗಗಳು, ಸಿಗ್ತವೆ. ನಿಮಗೆ ಮುಖ್ಯವಾಗಿದ್ದು ಏನಂದ್ರೆ ಒಂದೊಂದನ್ನೂ ಫೈಲ್ ತರ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ಇಟ್ಕೋಬಹುದು, ಲ್ಯಾಪ್‌ಟಾಪಿನ ಬ್ರೌಸರಲ್ಲಿ ನೆಟ್ ಇಲ್ದೇನೂ ಓಪನ್ ಆಗುತ್ತೆ. ಟೀವಿಗೇ ನೇರವಾಗಿ ಪೆನ್‌ಡ್ರೈವ್ ಹಾಕಿದ್ರೆ ಎಷ್ಟೋ ಸಲ ತೆಗೆಯಲ್ಲ, ಲ್ಯಾಪ್‌ಟಾಪಿಂದ ಎಚ್‌ಡಿಎಂಐ ಕೇಬಲ್ ಎಳ್ಕೊಳ್ಳಿ, ತಲೆನೋವಿಲ್ಲ.

ಆದ್ರೆ ಇಲ್ಲೂ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೀನಿ. ಒಂದ್ಸಲ ಹತ್ತನೇ ಕ್ಲಾಸಿಗೆ ವಿದ್ಯುತ್ ಪಾಠಕ್ಕೆ ಇದೇ ಫೆಟ್‌ನ ಸರ್ಕ್ಯೂಟ್ ಕಿಟ್ ಹಾಕ್ಕೊಂಡು ನಲವತ್ತು ನಿಮಿಷ ನಾನೇ ಮೌಸ್ ಹಿಡ್ಕೊಂಡು ಆಡಿದೆ, ವೈರಲ್ಲಿ ನೀಲಿ ಚುಕ್ಕೆ ಓಡ್ತಾವೆ, ಶಾರ್ಟ್ ಆದ್ರೆ ಬ್ಯಾಟರಿಗೆ ಬೆಂಕಿ ಹತ್ತುತ್ತೆ, ಮಕ್ಕಳು ಹೋ ಅಂತ ಕೂಗಿದ್ರು, ನನಗೋ ಭಾರೀ ಖುಷಿ. ಬೆಲ್ಲಿಗೆ ಎರಡು ನಿಮಿಷ ಇರೋವಾಗ ಕೇಳ್ದೆ, ಒಂದೇ ತರದ ಎರಡು ಬಲ್ಬು ಸರಣಿ ಜೋಡಣೇಲಿ, ಅಂದ್ರೆ ಒಂದೇ ದಾರೀಲಿ ಒಂದರ ಹಿಂದೆ ಒಂದು, ಇದ್ರೆ ಯಾವುದು ಜಾಸ್ತಿ ಉರಿಯುತ್ತೆ ಅಂತ. ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಬ್ಯಾಟರಿ ಹತ್ರ ಇರೋದು ಸರ್" ಅಂದ್ರು! ಮೊದಲನೇ ಬಲ್ಬು ಕರೆಂಟ್ ತಿಂದು ಮಿಕ್ಕಿದ್ದನ್ನ ಎರಡನೇದಕ್ಕೆ ಕಳ್ಸುತ್ತೆ ಅನ್ನೋ ಲೆಕ್ಕ ಅವರ ತಲೇಲಿ ಹಾಗೇ ಕೂತಿತ್ತು, ನಾನು ತೋರಿಸಿದ ಆಟ ಅದನ್ನ ಮುಟ್ಟೇ ಇರ್ಲಿಲ್ಲ.

ಮುಂದಿನ ವರ್ಷ ಉಲ್ಟಾ ಮಾಡ್ದೆ. ಟೀವಿ ಆಫ್. ಬೋರ್ಡ್ ಮೇಲೆ ಒಂದು ಬ್ಯಾಟರಿ, ಎರಡು ಬಲ್ಬು ಬರ್ದು "ಯಾವುದು ಜಾಸ್ತಿ ಬೆಳಗುತ್ತೆ, ಯಾಕೆ, ನೋಟ್ಸಲ್ಲಿ ಬರೀರಿ, ಅಳಿಸೋ ಹಾಗಿಲ್ಲ" ಅಂದೆ. ಬರೆದಾದ್ಮೇಲೆ ಪಕ್ಕದವರ ಜೊತೆ ಮೂರು ನಿಮಿಷ ಜಗಳ ಆಡೋಕೆ ಬಿಟ್ಟೆ. ಆಮೇಲೆ ವೈರ್‌ಲೆಸ್ ಮೌಸ್ ತಗೊಂಡು ಹೋಗಿ ಕೊನೇ ಬೆಂಚಿನ ಹುಡುಗನ ಕೈಗೆ ಕೊಟ್ಟೆ, ನೀನೇ ಜೋಡ್ಸಪ್ಪ ಅಂತ. ಅವನು ಒಂದೊಂದೇ ವೈರ್ ಎಳೀತಿದ್ರೆ ಇಡೀ ಕ್ಲಾಸು ಹಿಂದೆ ತಿರುಗಿ ಅಲ್ಲಲ್ಲ ಆ ಕಡೆ ಅಂತ ಕಿರುಚ್ತಿದೆ. ಎರಡೂ ಬಲ್ಬು ಒಂದೇ ಸಮ ಬೆಳಗಿದಾಗ ಒಂದು ಕ್ಷಣ ಕ್ಲಾಸು ಗಪ್‌ಚುಪ್. ಕರೆಂಟ್ ಖರ್ಚಾಗಲ್ಲ, ಸರಣೀಲಿ ಎಲ್ಲಾ ಕಡೆ ಅಷ್ಟೇ ಹರಿಯುತ್ತೆ, ಖರ್ಚಾಗೋದು ಬ್ಯಾಟರಿಯ ಶಕ್ತಿ ಅಂತ ಹೇಳಿದ್ರೆ ಆಗ ಕೇಳಿಸ್ಕೋತಾರೆ, ಯಾಕಂದ್ರೆ ಅವರದ್ದೇ ಅಕ್ಷರದಲ್ಲಿ ತಪ್ಪು ಉತ್ತರ ಮುಂದೆ ಇದೆ. ಆಮೇಲೆ ಗಣಪತಿ ಪೆಂಡಾಲಿನ ಹಳೇ ಸೀರಿಯಲ್ ಸೆಟ್ಟಲ್ಲಿ ಒಂದು ಬಲ್ಬು ಹೋದ್ರೆ ಸಾಲೇ ಯಾಕೆ ಆರೋಗುತ್ತೆ ಅನ್ನೋದನ್ನ ಮಕ್ಕಳೇ ಹೇಳಿದ್ರು.

ಇಷ್ಟಕ್ಕೆ ಟೀವಿ ಉರಿದಿದ್ದು ಹತ್ತು ನಿಮಿಷ. ಮಧ್ಯ ಕರೆಂಟ್ ಹೋದ್ರೂ ಪ್ರಶ್ನೆ ನೋಟ್ಸಲ್ಲಿ ಇರುತ್ತೆ, ಎರಡು ಟಾರ್ಚ್ ಬಲ್ಬು, ಸೆಲ್ಲು, ತುಂಡು ವೈರು ಬೀರುವಲ್ಲಿ ಇಟ್ಕೊಂಡಿರಿ. ಕರೆಂಟ್ ಇದ್ರೂ ಕೊನೇಲಿ ಆ ನಿಜವಾದ ಬಲ್ಬಲ್ಲೇ ಒಂದ್ಸಲ ಮಾಡ್ಸಿ, ಪರದೆ ಮೇಲಿನ ಬಲ್ಬು ಎಷ್ಟಂದ್ರೂ ಚಿತ್ರ. ವಿಡಿಯೋ ಬೇಕೇ ಬೇಕು ಅಂದ್ರೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ದೀಕ್ಷಾ ಆ್ಯಪಲ್ಲಿ ಸ್ಕ್ಯಾನ್ ಮಾಡಿ ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಬನ್ನಿ, ಆದ್ರೆ ಎರಡು ನಿಮಿಷಕ್ಕೊಮ್ಮೆ ನಿಲ್ಸಿ "ಮುಂದೆ ಏನಾಗುತ್ತೆ" ಅಂತ ಕೇಳಿ.

ಪ್ರಶ್ನೆ: ನಮ್ ಸ್ಕೂಲಲ್ಲಿ ಟೀವಿನೂ ಇಲ್ಲ ಪ್ರೊಜೆಕ್ಟರೂ ಇಲ್ಲ, ಇರೋದು ನನ್ನ ಒಂದು ಮೊಬೈಲು, 52 ಮಕ್ಕಳು. ಪ್ರೈವೇಟ್ ಸ್ಕೂಲಲ್ಲಿ ಆನ್‌ಲೈನ್ ಕ್ವಿಜ್ ಅಂತ ಮಾಡ್ತಾರಲ್ಲ, ನಮಗೆ ದಾರಿ ಇದ್ಯಾ?

ಉತ್ತರ: ಇದೆ ಮೇಷ್ಟ್ರೇ, ಪ್ಲಿಕರ್ಸ್ (Plickers) ಅನ್ನೋ ಕ್ವಿಜ್ ಆ್ಯಪ್. ಮಕ್ಕಳ ಕೈಲಿ ಮೊಬೈಲ್ ಬೇಡ, ಕಾಗದದ ಕಾರ್ಡ್ ಸಾಕು. ಪ್ರತಿ ಕಾರ್ಡಲ್ಲೂ ಬೇರೆ ಬೇರೆ ಕಪ್ಪು ಡಿಸೈನ್ ಇರುತ್ತೆ, ನಾಲ್ಕು ಪಕ್ಕಕ್ಕೆ ಎ ಬಿ ಸಿ ಡಿ ಅಂತ ಚಿಕ್ಕದಾಗಿ ಬರ್ದಿರುತ್ತೆ, ಯಾವ ಉತ್ತರ ಅನ್ಸುತ್ತೋ ಆ ಅಕ್ಷರ ಮೇಲೆ ಬರೋ ಹಾಗೆ ಹಿಡಿಬೇಕು. ನೀವು ಮೊಬೈಲ್ ಕ್ಯಾಮೆರಾನ ಕ್ಲಾಸ್ ಉದ್ದಕ್ಕೂ ತಿರುಗಿಸಿದ್ರೆ ಯಾರು ಏನು ಹಿಡಿದ್ರು ಅಂತ ಹೆಸರು ಸಮೇತ ಬರುತ್ತೆ. ಡಿಸೈನ್ ಒಬ್ಬರದ್ದು ಇನ್ನೊಬ್ಬರಿಗೆ ಹೋಲಲ್ಲ, ಹಾಗಾಗಿ ಪಕ್ಕದವನದ್ದು ನೋಡಿ ಕಾಪಿ ಹೊಡೆಯೋದು ಕಷ್ಟ. ಮಾಮೂಲಿ ಸೆಟ್ಟಲ್ಲಿ 40 ಕಾರ್ಡ್ ಅಷ್ಟೇ, ನಿಮ್ಮ 52ಕ್ಕೆ 63ರ ಸೆಟ್ ಪ್ರಿಂಟ್ ಹಾಕ್ಸಿ. ಹಿಂದೆ ರಟ್ಟು ಅಂಟಿಸಿ, ಹೊಳೆಯೋ ಲ್ಯಾಮಿನೇಷನ್ ಮಾತ್ರ ಬೇಡ, ಕಿಟಕಿ ಬೆಳಕು ಹೊಡೆದು ಕ್ಯಾಮೆರಾಗೆ ಕಾಣಲ್ಲ.

ಉತ್ತರ ಬಂದ್ಮೇಲೆ ಏನು ಮಾಡ್ತೀರಿ ಅನ್ನೋದ್ರಲ್ಲಿದೆ ವಿಷಯ. ಅಮೆರಿಕಾದ ಹಾರ್ವರ್ಡ್ ಯೂನಿವರ್ಸಿಟೀಲಿ ಭೌತಶಾಸ್ತ್ರ ಪಾಠ ಮಾಡೋ ಎರಿಕ್ ಮಜೂರ್ 1991ರಿಂದ ಇದನ್ನೇ ಮಾಡ್ಕೊಂಡು ಬಂದಿದ್ದು: ಸರಿ ಉತ್ತರ ಸುಮಾರು 30ರಿಂದ 70 ಪರ್ಸೆಂಟ್ ಒಳಗಿದ್ರೆ ಮೇಷ್ಟ್ರು ಬಾಯಿ ಬಿಡಬಾರ್ದು, ಮಕ್ಕಳು ಪಕ್ಕದವರನ್ನ ಒಪ್ಪಿಸೋಕೆ ನೋಡ್ಲಿ, ಆಮೇಲೆ ಇನ್ನೊಂದ್ಸಲ ಕಾರ್ಡ್ ಎತ್ತಿಸಿ. ಅದಕ್ಕಿಂತ ಕಮ್ಮಿ ಇದ್ರೆ ಪಾಠನೇ ಮತ್ತೆ ಮಾಡ್ಬೇಕು, ಜಾಸ್ತಿ ಇದ್ರೆ ಮುಂದಕ್ಕೆ ಹೋಗಿ. ನೆಟ್ ಕೈಕೊಟ್ಟ ದಿನ ಸ್ಲೇಟು ಸಾಕು, ಬರ್ದು ಬೋರಲಾಗಿ ಇಟ್ಕೊಂಡು, ನೀವು ಮೂರು ಎಣಿಸಿದಾಗ ಎಲ್ರೂ ಒಟ್ಟಿಗೆ ಎತ್ತಬೇಕು. ಒಟ್ಟಿಗೇ ಎತ್ತಬೇಕು ಇಲ್ದಿದ್ರೆ ಫಸ್ಟ್ ರ‍್ಯಾಂಕ್ ಹುಡುಗಿ ಮುಖ ನೋಡಿ ಬರೀತಾರೆ.

ಪ್ರಶ್ನೆ: ಒಂಬತ್ತನೇ ಕ್ಲಾಸ್ ಮಕ್ಕಳು ಪ್ರಬಂಧನೆಲ್ಲ ಎಐ ಕೈಲಿ ಬರೆಸ್ಕೊಂಡು ಬರ್ತಾರೆ. ಬೈದ್ರೆ ನಗ್ತಾರೆ. ಏನ್ಮಾಡ್ಲಿ?

ಉತ್ತರ: ಬೈಬೇಡಿ ಮೇಡಂ, "ಪರಿಸರ ಸಂರಕ್ಷಣೆ" ಅಂತ ವಿಷಯ ಕೊಟ್ರೆ ಅವರೂ ಇನ್ನೇನ್ ಮಾಡ್ತಾರೆ, ನಮ್ ಕಾಲದಲ್ಲಿ ಗೈಡ್ ನೋಡಿ ಬರೀತಿರ್ಲಿಲ್ವಾ. ವಿಷಯ ಬದಲಾಯಿಸಿ. ನಿಮ್ಮೂರ ಕೆರೆ ಬಗ್ಗೆ ಎಐ ಏನು ಬರೆಯುತ್ತೋ ಅದನ್ನೇ ಪ್ರಿಂಟ್ ತೆಗೆದು ಕ್ಲಾಸಿಗೆ ತನ್ನಿ, ಮನೇಲಿ ಅಜ್ಜಿ ತಾತನ್ನ ಕೇಳ್ಕೊಂಡು ಬಂದು ಅದ್ರಲ್ಲಿ ತಪ್ಪೆಷ್ಟಿದೆ ಕೆಂಪು ಪೆನ್ನಲ್ಲಿ ಗುರುತು ಹಾಕೋಕೆ ಹೇಳಿ. ಕೆರೆ ಹೆಸರೇ ತಪ್ಪಿದ್ರೂ ಆಶ್ಚರ್ಯ ಇಲ್ಲ. ಕೆಂಪು ಪೆನ್ನು ಮಕ್ಕಳ ಕೈಗೆ ಬಂದ ದಿನ ನೋಡಿ ಮೇಡಂ ಅವರ ಗತ್ತು, ಒಂದು ಕಾಗುಣಿತ ಕೂಡ ಬಿಡಲ್ಲ.