ಹನ್ನೆರಡು ವರ್ಷದ ನಂತರ ಮತ್ತೆ ಎದುರಾದವರು

ಓದುಗರ ಪ್ರಶ್ನೆ, ಲೇಖಕಿಯ ಉತ್ತರ

ಪ್ರಶ್ನೆ: ಇಬ್ಬರು ಗಂಡಸರ ಪ್ರೇಮದ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಪ್ರೀತಿಸಿದವರು ಮನೆಯವರ ವಿರೋಧದಿಂದ ಬೇರೆಯಾಗುತ್ತಾರೆ. ಹನ್ನೆರಡು ವರ್ಷದ ನಂತರ ಮತ್ತೆ ಸಿಗುತ್ತಾರೆ. ಕರಡು ಓದಿದ ಗೆಳೆಯರೊಬ್ಬರು, "ಅವರು ಮತ್ತೆ ಸಿಕ್ಕಾಗ ನನಗೆ ಏನೂ ಅನ್ನಿಸಲಿಲ್ಲ" ಎಂದರು. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಗೆಳೆಯರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಮನೆಯವರು ಬೇರೆ ಮಾಡಿದರು ಅಂದರೆ ಆ ಇಬ್ಬರೂ ಒಬ್ಬರಿಗೊಬ್ಬರು ಏನೂ ಮಾಡಿಲ್ಲ ಎಂದಾಯಿತು. ಹಾಗಾದರೆ ಹನ್ನೆರಡು ವರ್ಷದ ನಂತರ ಸಿಕ್ಕಾಗ ಕೇಳುವುದಕ್ಕೆ ಏನಿದೆ? ಕ್ಷಮಿಸುವುದಕ್ಕೆ ಏನಿದೆ? ಅಡ್ಡ ನಿಂತಿದ್ದ ಅಪ್ಪ ಮೆತ್ತಗಾದರೆ ಸಾಕು, ಕಥೆ ಮುಗಿಯಿತು.

ವಿರೋಧ ಇರಲಿ. ಅದು ಸುಳ್ಳಲ್ಲ, ಎಷ್ಟೋ ಜನರ ಬದುಕನ್ನು ಅದು ಮುರಿದಿದೆ. ಆದರೆ ಆ ವಿರೋಧದ ಎದುರು ನಿಮ್ಮ ಪಾತ್ರ ಏನು ಮಾಡಿತು? ಅದನ್ನು ಬರೆಯಿರಿ.

ನನ್ನದೇ ಮಾತು ಹೇಳುತ್ತೇನೆ. ನಾನೂ ನನ್ನ ಗೆಳತಿಯೂ ಬಾಡಿಗೆ ಮನೆ ನೋಡಿದ್ದೆವು. ಕರಾರು ಪತ್ರಕ್ಕೆ ಸಹಿ ಹಾಕಲು ಒಂದು ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ ಎಂದಿದ್ದರು. ನಾನು ಹೋಗಲಿಲ್ಲ. "ಮನೆಯಲ್ಲಿ ಒಪ್ಪಲಿಲ್ಲ" ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ನಿಜವೇ, ಒಪ್ಪಿರಲಿಲ್ಲ. ಆದರೆ ಆ ಬೆಳಿಗ್ಗೆ ನನ್ನನ್ನು ಯಾರೂ ಕೂಡಿ ಹಾಕಿರಲಿಲ್ಲ. ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ಬ್ಯಾಗ್ ಹೆಗಲಿಗೇರಿಸಿಕೊಂಡು ಮಂಚದ ಮೇಲೆ ಕೂತಿದ್ದೆ. ಒಂಬತ್ತೂವರೆಗೆ ಫೋನ್ ಆಫ್ ಮಾಡಿದೆ. ಹನ್ನೊಂದು ವರ್ಷದ ನಂತರ ನಾವು ಸಿಕ್ಕಾಗ ಅವಳು ನನ್ನ ಮನೆಯವರ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಒಂದು ಫೋನ್ ಮಾಡೋಕೂ ಆಗ್ಲಿಲ್ವಾ?" ಎಂದಳು. ಅಷ್ಟೇ.

ನಿಮ್ಮ ಕಾದಂಬರಿಯಲ್ಲೂ ಇಂಥದ್ದೊಂದು ಪ್ರಶ್ನೆ ಇರಬೇಕು. ಒಬ್ಬ ಹನ್ನೆರಡು ವರ್ಷ ಒಳಗೇ ಇಟ್ಟುಕೊಂಡದ್ದು, ಇನ್ನೊಬ್ಬ ಹನ್ನೆರಡು ವರ್ಷ ಹೆದರಿಕೊಂಡು ಇದ್ದದ್ದು. ಅದು ಸಿಗುವವರೆಗೆ ಮುಂದೆ ಬರೆಯಬೇಡಿ ಎಂದೇ ಹೇಳುತ್ತೇನೆ. ಸಿಕ್ಕ ಮೇಲೆ ಅದನ್ನು ಮತ್ತೆ ಸಿಕ್ಕ ಮೊದಲ ದಿನವೇ ಕೇಳಿಸಬೇಡಿ. ನನ್ನ ಮೊದಲ ಕರಡಿನಲ್ಲಿ ಇಬ್ಬರೂ ಅರವತ್ತನೇ ಪುಟಕ್ಕೇ ಅತ್ತು, ಅಪ್ಪಿಕೊಂಡು, ಎಲ್ಲ ಹೇಳಿಕೊಂಡಿದ್ದರು. ಉಳಿದ ಇನ್ನೂರು ಪುಟ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ.

ಇನ್ನೊಂದು. "ಅವನು ಇವತ್ತಿಗೂ ನನ್ನನ್ನು ಪ್ರೀತಿಸುತ್ತಾನೆ" ಅನ್ನುವುದು ಎರಡನೇ ಅವಕಾಶಕ್ಕೆ ಸಾಲುವುದಿಲ್ಲ. ಪ್ರೀತಿ ಮೊದಲ ಸಲವೂ ಇತ್ತಲ್ಲ, ಆದರೂ ಮುರಿಯಿತು. ಈ ಸಲ ಮುರಿಯದಿರಲು ಇಬ್ಬರಲ್ಲೂ ಏನು ಬದಲಾಗಿದೆ? ಅಂದು ಫೋನ್ ಆಫ್ ಮಾಡಿದವನು ಇಂದು ಕಷ್ಟದ ಕರೆಯೊಂದನ್ನು ಎತ್ತುತ್ತಾನಾ? ಆ ಹನ್ನೆರಡು ವರ್ಷಕ್ಕೆ ಒಬ್ಬೊಬ್ಬರಿಗೂ ವರ್ಷಕ್ಕೊಂದು ಪುಟದಂತೆ ಬರೆದಿಟ್ಟುಕೊಳ್ಳಿ. ಕಾದಂಬರಿಗೆ ಅದರಲ್ಲಿ ಹತ್ತರಲ್ಲೊಂದು ಪಾಲೂ ಬರದಿರಬಹುದು. ಬರೆಯುವ ನಿಮಗೆ ಗೊತ್ತಿದ್ದರೆ ಅವರು ಮಾತಾಡುವ ರೀತಿಯೇ ಬೇರೆಯಾಗುತ್ತದೆ.

ಪ್ರಶ್ನೆ: ಇದು ಪ್ರೇಮಕಥೆ. ಕಾನೂನು, ಇತಿಹಾಸ ಎಲ್ಲ ಓದಲೇಬೇಕಾ?

ಉತ್ತರ: ಓದಲೇಬೇಕು. ಬೇರೆಯಾದದ್ದು ಯಾವ ವರ್ಷ, ಸೇರಿದ್ದು ಯಾವ ವರ್ಷ ಅನ್ನುವುದು ಇಂಥ ಕಾದಂಬರಿಯ ಬೆನ್ನೆಲುಬು. ಕಥೆ ಯಾವ ದೇಶದ್ದೋ ಆ ದೇಶದ ತಾರೀಕುಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ.

ಭಾರತದ ಕಥೆಯಾದರೆ ನೋಡಿ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ಒಂದೇ ಲಿಂಗದ ವಯಸ್ಕರ ಒಪ್ಪಿತ ಖಾಸಗಿ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಇದನ್ನು ಅಪರಾಧ ಮಾಡಿದ್ದ ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಇಂಥ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಕೇಳಿದವರಿಗೆ ಇಲ್ಲ ಎಂದಿತು. ಅಂದರೆ 2010ರಲ್ಲಿ ಕೈ ಹಿಡಿದ ಜೋಡಿ ಮೊದಲು ಧೈರ್ಯ ಕಂಡು, ಆಮೇಲೆ ಅದನ್ನು ಕಳೆದುಕೊಂಡ ಜೋಡಿ. 2005ರ ಜೋಡಿಗೂ ಇವರಿಗೂ ಬಹಳ ವ್ಯತ್ಯಾಸ ಇದೆ.

ಹಾಗಂತ ತೀರ್ಪನ್ನು ಪಾತ್ರಗಳ ಬಾಯಲ್ಲಿ ಪಾಠ ಮಾಡಿಸಬೇಡಿ. 2018ರ ಆ ದಿನ ಗುರುವಾರ. ಕೆಲಸದ ದಿನ. ನಿಮ್ಮವನು ಎಲ್ಲಿದ್ದ? ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಫೋನ್ ನೋಡಿರಬಹುದು. ಎದ್ದು ಶೌಚಾಲಯಕ್ಕೆ ಹೋಗಿ, ಚಿಲಕ ಹಾಕಿ, ಐದು ವರ್ಷದಿಂದ ಮುಟ್ಟದ ನಂಬರಿಗೆ "ನೋಡಿದೆಯಾ?" ಎಂದು ಬರೆದು, ಅಳಿಸಿ, ಮುಖ ತೊಳೆದು ಬಂದಿರಬಹುದು. ನನಗೆ ಬೇಕಾದದ್ದು ಆ ಶೌಚಾಲಯದ ಚಿಲಕ.

ಬೇರೆ ದೇಶದ ಕಥೆಯಾದರೆ ಇನ್ನೂ ಹುಷಾರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರಲ್ಲೇ ಕಾನೂನು ಬದಲಾಗಿ ಇಬ್ಬರು ಗಂಡಸರ ಸಂಬಂಧ ಅಪರಾಧವಲ್ಲ ಎಂದಾಯಿತು. ಅದೂ 21 ವರ್ಷ ತುಂಬಿದವರಿಗೆ, ಖಾಸಗಿಯಾಗಿದ್ದರೆ ಮಾತ್ರ. ಸ್ಕಾಟ್ಲೆಂಡಿಗೆ ಅದು ಬಂದದ್ದು 1980ರಲ್ಲಿ, ಉತ್ತರ ಐರ್ಲೆಂಡಿಗೆ 1982ರಲ್ಲಿ. ಅಲ್ಲಿನ ಕಾನೂನು ಇಬ್ಬರು ಹೆಂಗಸರ ಸಂಬಂಧವನ್ನು ಅಪರಾಧ ಎಂದು ಯಾವತ್ತೂ ಹೆಸರಿಸಿರಲಿಲ್ಲ. ಹಾಗಾಗಿ ಇಬ್ಬರು ಹೆಂಗಸರ ಕಥೆಯಲ್ಲಿ ಪೊಲೀಸರ ಭಯ ತಂದಿಟ್ಟರೆ ತಪ್ಪಾಗುತ್ತದೆ. ಅವರ ಭಯ ಬೇರೆಯದು. ಕೆಲಸ ಹೋಗುವ ಭಯ, ಮಕ್ಕಳನ್ನು ಕಿತ್ತುಕೊಳ್ಳುವ ಭಯ.

ಕಾನೂನಿನ ಜೊತೆ ವೈದ್ಯಕೀಯವನ್ನೂ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ಎಚ್‌ಐವಿಗೆ ಹಲವು ಔಷಧ ಸೇರಿಸಿ ಕೊಡುವ ಚಿಕಿತ್ಸೆ ಬಂದದ್ದು 1996ರ ಸುಮಾರಿಗೆ. 1992ರಲ್ಲಿ ಬೇರೆಯಾಗಿ 2004ರಲ್ಲಿ ಸಿಕ್ಕ ಇಬ್ಬರಲ್ಲಿ ಒಬ್ಬನಿಗೆ ಎಚ್‌ಐವಿ ಇದ್ದರೆ, ಆ ಹನ್ನೆರಡು ವರ್ಷದಲ್ಲಿ ಅವನ ಬದುಕು ಒಮ್ಮೆ ಮುಗಿದು ಮತ್ತೆ ಶುರುವಾಗಿದೆ. ಇವತ್ತಿನ ಕಥೆಯಾದರೆ, ಸರಿಯಾಗಿ ಔಷಧ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಇರುವವರಿಂದ ಲೈಂಗಿಕ ಸಂಪರ್ಕದಲ್ಲಿ ಅದು ಹರಡುವುದಿಲ್ಲ. ಇದು ಗೊತ್ತಿಲ್ಲದೆ ಬರೆದ ದೃಶ್ಯಗಳು ಓದುವವರಿಗೆ ನೋವು ಕೊಡುತ್ತವೆ.

ಸಂಪರ್ಕ ಹೇಗೆ ಕಡಿದುಹೋಯಿತು ಅನ್ನುವುದಕ್ಕೂ ಇತಿಹಾಸ ಇದೆ. ಆರ್ಕುಟ್ ಅನ್ನುವ ಸಾಮಾಜಿಕ ಜಾಲತಾಣ 2004ರಲ್ಲಿ ಶುರುವಾಗಿ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಇಬ್ಬರ ಮಾತೆಲ್ಲ ಅಲ್ಲೇ ಇದ್ದರೆ? ಉಳಿಸಿಕೊಂಡವನು ಯಾರು, ಮುಚ್ಚುವ ಸುದ್ದಿ ಓದಿಯೂ ಸುಮ್ನೆ ಬಿಟ್ಟವನು ಯಾರು? ಇಷ್ಟು ಸಿಕ್ಕರೆ ಒಂದು ಅಧ್ಯಾಯವೇ ಸಿಕ್ಕ ಹಾಗೆ.

ಪ್ರಶ್ನೆ: ನಾನು ಕ್ವಿಯರ್ (ಸಲಿಂಗ ಪ್ರೇಮಿಗಳು ಮುಂತಾದ ಲೈಂಗಿಕ ಅಲ್ಪಸಂಖ್ಯಾತರು) ಅಲ್ಲ. ನಾನು ಬರೆಯಬಹುದಾ? ಜನರನ್ನು ಮಾತಾಡಿಸಲು ಹೋದರೆ ಏನು ಕೇಳಬೇಕು?

ಉತ್ತರ: ಬರೆಯಿರಿ. ನಾನು ಹೆಂಗಸನ್ನು ಪ್ರೀತಿಸುವ ಹೆಂಗಸು. ಆದರೂ ನನ್ನ ಮೊದಲ ಕಾದಂಬರಿ ಇಬ್ಬರು ಗಂಡಸರದಾದ್ದರಿಂದ ತುಂಬಾ ಕಡೆ ತಪ್ಪಿದೆ. ಒಳಗಿನವಳು ಅನ್ನುವ ಧೈರ್ಯದಲ್ಲಿ ಯಾರನ್ನೂ ಕೇಳದೆ ಬರೆದಿದ್ದೆ. ಎರಡನೇ ಕರಡಿಗೆ ಏಳು ಜನರ ಜೊತೆ ಕೂತೆ.

"ನೀವು ಹೀಗೆ ಎಂದು ಯಾವಾಗ ಗೊತ್ತಾಯಿತು?" ಎಂದು ಶುರು ಮಾಡಬೇಡಿ. ಅದಕ್ಕೆ ಅವರು ನೂರು ಸಲ ಉತ್ತರ ಕೊಟ್ಟಿರುತ್ತಾರೆ, ಉತ್ತರ ನಯವಾಗಿ ಸವೆದಿರುತ್ತದೆ. ದಿನದ ಬದುಕು ಕೇಳಿ. ಮನೆ ಕರಾರು ಯಾರ ಹೆಸರಲ್ಲಿತ್ತು? ಫೋನಿನಲ್ಲಿ ಅವರ ನಂಬರನ್ನು ಯಾವ ಹೆಸರಲ್ಲಿ ಇಟ್ಟುಕೊಂಡಿದ್ದಿರಿ? ಆಸ್ಪತ್ರೆಯ ಫಾರಂನಲ್ಲಿ "ರೋಗಿಗೆ ಏನಾಗಬೇಕು" ಅನ್ನುವ ಕಡೆ ಏನು ಬರೆದಿರಿ? ಬೇರೆಯಾದ ಮರುದಿನ ಏನು ಮಾಡಿದಿರಿ?

ಈ ಕೊನೆಯ ಪ್ರಶ್ನೆಗೆ ಒಬ್ಬರು ಹೇಳಿದ್ದು ನನ್ನ ಕಾದಂಬರಿಯನ್ನೇ ಬದಲಾಯಿಸಿತು. "ಜ್ವರ ಅಂತ ಮೂರು ದಿನ ರಜೆ ಹಾಕಿದೆ. ವಾಪಸ್ ಹೋದಾಗ ಎಲ್ಲರೂ ಜ್ವರ ಹೇಗಿದೆ ಅಂತ ಕೇಳಿದ್ರು. ವಾಸಿಯಾಯ್ತು ಅಂದೆ." ಆರು ವರ್ಷದ ಸಂಬಂಧ ಮುರಿದಿದೆ, ಸಮಾಧಾನ ಹೇಳುವವರು ಒಬ್ಬರೂ ಇಲ್ಲ. ಏಕೆಂದರೆ ಆ ಸಂಬಂಧ ಇತ್ತು ಎಂದೇ ಯಾರಿಗೂ ಗೊತ್ತಿಲ್ಲ. ಗಂಡು ಹೆಣ್ಣಿನ ಪ್ರೇಮಕಥೆಯನ್ನು ತೆಗೆದುಕೊಂಡು ಹೆಸರು ಮಾತ್ರ ಬದಲಿಸಿದರೆ ಸಿಗದೇ ಹೋಗುವುದು ಇದೇ.

ಒಪ್ಪಿಗೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ಹೆಸರು ಬದಲಿಸಿದರೆ ಸಾಲದು. ಕೆಲಸ, ತಮ್ಮ ತಂಗಿಯರ ಲೆಕ್ಕ, ಗಾಡಿಯ ಬಣ್ಣ, ಇಷ್ಟು ಸೇರಿದರೆ ಪರಿಚಯದವರು ಗುರುತು ಹಿಡಿಯುತ್ತಾರೆ. ಹಾಗೆ ಗುರುತು ಸಿಕ್ಕಿದರೆ ಅವರ ಮನೆ, ಕೆಲಸ ಎರಡೂ ಹೋಗಬಹುದು. ಅವರಿಂದ ಬಂದ ಪುಟಗಳನ್ನು ಅಚ್ಚಿಗೆ ಮೊದಲು ಅವರಿಗೇ ಓದಲು ಕೊಡಿ. ಬೇಡ ಅಂದರೆ ತೆಗೆಯಿರಿ. ನಾನು ಹಾಗೆ ಒಂದು ಇಡೀ ಅಧ್ಯಾಯ ತೆಗೆದಿದ್ದೇನೆ. ಪುಸ್ತಕದ ಅತ್ಯುತ್ತಮ ಅಧ್ಯಾಯ ಅದೇ ಆಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ತೆಗೆದದ್ದಕ್ಕೆ ಬೇಜಾರಿಲ್ಲ.

ಪ್ರಶ್ನೆ: ಸುಖಾಂತ್ಯ ಕೊಟ್ಟರೆ "ಇದು ವಾಸ್ತವ ಅಲ್ಲ" ಅನ್ನುತ್ತಾರಲ್ಲ?

ಉತ್ತರ: ಕೊಡಿ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1913–14ರಲ್ಲಿ 'ಮಾರಿಸ್' ಕಾದಂಬರಿ ಬರೆದಾಗ ಇಬ್ಬರು ಗಂಡಸರು ಕೊನೆಗೆ ಒಂದಾಗಲೇಬೇಕು ಎಂದು ಪಟ್ಟು ಹಿಡಿದಿದ್ದರು. ಆ ಅಂತ್ಯ ಇಟ್ಟುಕೊಂಡು ಆಗಿನ ಇಂಗ್ಲೆಂಡಿನಲ್ಲಿ ಪ್ರಕಟಿಸುವ ಹಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ, 1971ರಲ್ಲಿ ಪುಸ್ತಕ ಬಂತು. ಅಷ್ಟು ವರ್ಷ ಬಚ್ಚಿಟ್ಟುಕೊಂಡರೇ ಹೊರತು ಸುಖಾಂತ್ಯ ಬಿಟ್ಟುಕೊಡಲಿಲ್ಲ. ವಯಸ್ಸಾಗುತ್ತಾ ಜೊತೆಗಿರುವ ಜೋಡಿಗಳು ನನಗೇ ಗೊತ್ತು. ಅವರೂ ವಾಸ್ತವವೇ ಅಲ್ವಾ? ಸುಖಾಂತ್ಯ ಅಂದರೆ ಊರೆಲ್ಲ ಒಪ್ಪಬೇಕು ಅಂತಲೂ ಇಲ್ಲ. ಇಬ್ಬರೂ ಒಂದೇ ಬೀಗದ ಕೈ ಇಟ್ಟುಕೊಂಡರೆ ಆಯಿತು.

ಪ್ರಶ್ನೆ: ಸ್ವಂತ ಹೆಸರಲ್ಲಿ ಪ್ರಕಟಿಸಲು ಭಯ. ಕಾವ್ಯನಾಮ ಹೇಡಿತನವಾ?

ಉತ್ತರ: ಖಂಡಿತ ಅಲ್ಲ. ಅಮೆರಿಕದ ಲೇಖಕಿ ಪೆಟ್ರೀಷಿಯಾ ಹೈಸ್ಮಿತ್ ಇಬ್ಬರು ಹೆಂಗಸರ ಪ್ರೇಮದ ಕಾದಂಬರಿಯನ್ನು 1952ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ತಮ್ಮ ಹೆಸರು ಹಾಕಿದ್ದು 1990ರಲ್ಲಿ. ನಿಮಗೆ ಸರಿ ಅನ್ನಿಸಿದಾಗ ಹೆಸರು ಹಾಕಿಕೊಳ್ಳಿ. ಪ್ರಕಾಶಕರಿಗೆ ಮಾತ್ರ ಮೊದಲೇ ಬರಹದಲ್ಲಿ ತಿಳಿಸಿ.

ಪ್ರಶ್ನೆ: ಇಬ್ಬರೂ 'ಅವನು'. ಯಾರು ಯಾರೆಂದು ಓದುಗರಿಗೆ ಗೊಂದಲವಾಗುತ್ತದೆ. ಪ್ರತಿ ವಾಕ್ಯದಲ್ಲೂ ಹೆಸರು ಹಾಕಿದರೆ ಕೃತಕ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಕನ್ನಡದಲ್ಲಿ ಬರೆಯುತ್ತಿರುವುದೇ ನಿಮ್ಮ ಭಾಗ್ಯ. ನಮಗೆ 'ಅವನು' ಇದ್ದಾನೆ, 'ಇವನು' ಕೂಡ ಇದ್ದಾನೆ. ಯಾರ ಕಣ್ಣಿನಿಂದ ಕಥೆ ನೋಡುತ್ತಿದ್ದೀರೋ ಅವನನ್ನು ಇವನು ಮಾಡಿ, ಎದುರಿನವನನ್ನು ಅವನು ಮಾಡಿ. "ಅವನು ಕೈ ಚಾಚಿದ. ಇವನು ಹಿಡಿಯಲಿಲ್ಲ." ಎಲ್ಲಿದೆ ಗೊಂದಲ? 'ತನ್ನ' ಅನ್ನುವ ಪದವನ್ನೂ ಬಳಸಿಕೊಳ್ಳಿ. "ಅವನ ಕೈ ನೋಡಿದ", "ತನ್ನ ಕೈ ನೋಡಿಕೊಂಡ", ಎರಡೂ ಬೇರೆ ಬೇರೆ.

ನೀನು, ನೀವು ಬಗ್ಗೆಯೂ ಯೋಚಿಸಿ. ಒಂದು ಕಾಲದಲ್ಲಿ ಏಕವಚನದಲ್ಲಿ ಜಗಳವಾಡಿದವರು ಹನ್ನೆರಡು ವರ್ಷದ ನಂತರ ಸಿಕ್ಕಾಗ ಏನೆಂದು ಕರೆಯುತ್ತಾರೆ? ನನ್ನ ಗೆಳತಿ ಅವತ್ತು ನನ್ನನ್ನು "ಚೆನ್ನಾಗಿದ್ದೀರಾ?" ಎಂದು ಕೇಳಿದಳು. ಆ 'ರಾ' ಇನ್ನೂ ಕಿವಿಯಲ್ಲಿದೆ. ನಾನೂ "ಚೆನ್ನಾಗಿದ್ದೀನಿ, ನೀವು?" ಎಂದೆ. ಎರಡು ತಿಂಗಳು ಹಾಗೇ ನಡೆಯಿತು. ಒಂದು ದಿನ ಕತ್ತಲಲ್ಲಿ ಮಹಡಿ ಇಳಿಯುವಾಗ ಹಿಂದಿನಿಂದ, "ಏಯ್, ಮೆಟ್ಟಿಲು ನೋಡು" ಎಂದಳು. ಇಬ್ಬರೂ ಅಲ್ಲೇ ನಿಂತೆವು.

ಇನ್ನು 'ಅವರು'. ಅದರಲ್ಲಿ ಗಂಡೂ ಗೊತ್ತಾಗುವುದಿಲ್ಲ, ಹೆಣ್ಣೂ ಗೊತ್ತಾಗುವುದಿಲ್ಲ. ಎಷ್ಟೋ ಜನ ಅದರೊಳಗೇ ಅಡಗಿ ಬದುಕಿದ್ದಾರೆ. "ಅವರು ಬಂದಿದ್ರು", "ಅವರಿಗೆ ಇಷ್ಟ ಆಯ್ತು". ನಾನು ಮಾತಾಡಿಸಿದ ಒಬ್ಬರು ಒಂಬತ್ತು ವರ್ಷ ಆಫೀಸಿನಲ್ಲಿ ಹೀಗೇ ನಿಭಾಯಿಸಿದ್ದರು. ಒಂದು ಮಧ್ಯಾಹ್ನ ಫೋನ್ ಇಟ್ಟವರು ಗಾಬರಿಯಲ್ಲಿ, "ಅವನಿಗೆ ಹುಷಾರಿಲ್ಲ" ಅಂದುಬಿಟ್ಟರು. ಪಕ್ಕದ ಮೇಜಿನವರು ಒಂದು ಕ್ಷಣ ತಲೆ ಎತ್ತಿ ನೋಡಿ, "ಹೊರಡಿ, ಉಳಿದಿದ್ದು ನಾನು ನೋಡ್ಕೋತೀನಿ" ಅಂದರಂತೆ. ನಿಮ್ಮ ಕಾದಂಬರಿಯಲ್ಲಿ 'ಅವರು' ಹೋಗಿ 'ಅವನು' ಬರುವ ವಾಕ್ಯ ಯಾವುದು ಎಂದು ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ಆ ಪಾತ್ರದ ಬಾಯಲ್ಲಿ, ಹೊರಗಿನವರ ಮುಂದೆ, ಆ ಪದ ಒಂದು ಸಲವೂ ಬರಬಾರದು.

ಇದನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. ಬರೀರಿ ಎಂದರು.