ಎರಡು ಕಂಪ್ಯೂಟರ್, ಒಂದೇ ಕ್ಯಾಲೆಂಡರ್

ಮನೆಯಲ್ಲಿ ಉಬುಂಟು, ಆಫೀಸಿನಲ್ಲಿ ವಿಂಡೋಸ್, ಎರಡರಲ್ಲೂ ಇಮೇಲ್ ಮತ್ತು ಕ್ಯಾಲೆಂಡರ್ ತಂತ್ರಾಂಶ ಥಂಡರ್‌ಬರ್ಡ್ ಇದೆ. ಕ್ಯಾಲೆಂಡರ್ ಮತ್ತು ಟಾಸ್ಕ್ (ಮಾಡಬೇಕಾದ ಕೆಲಸ) ಪಟ್ಟಿ ಇರುವ ಐಸಿಎಸ್ ಫೈಲನ್ನು ಡ್ರಾಪ್‌ಬಾಕ್ಸ್ ಎಂಬ ಆನ್‌ಲೈನ್ ಸಂಗ್ರಹದಲ್ಲಿಟ್ಟು ಎರಡೂ ಕಡೆ ಬಳಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ಒಂದೇ ಫೈಲ್‌ನಲ್ಲಿ ಇಡೀ ಕ್ಯಾಲೆಂಡರ್ ಇರುತ್ತದೆ. ಎರಡೂ ಕಂಪ್ಯೂಟರ್ ತೆರೆದಿದ್ದಾಗ ಒಂದು ಬರೆದದ್ದರ ಮೇಲೆ ಇನ್ನೊಂದು ಬರೆದರೆ, ನೀವು ಹೊಸದಾಗಿ ಸೇರಿಸಿದ್ದು ಗೊತ್ತೇ ಆಗದಂತೆ ಅಳಿಸಿಹೋಗಬಹುದು.

ನಿಮಗೆ ಬೇಕಾಗಿರುವುದು ಕ್ಯಾಲ್‌ಡ್ಯಾವ್. ಸರ್ವರ್‌ನಲ್ಲಿರುವ ಕ್ಯಾಲೆಂಡರನ್ನು ಹಲವು ಕಂಪ್ಯೂಟರ್‌ಗಳಿಂದ ಬಳಸಲು 2007ರಲ್ಲೇ ಬಂದ ಮುಕ್ತ ಮಾನದಂಡ ಇದು. ಇದರಲ್ಲಿ ಪ್ರತಿ ಕಾರ್ಯಕ್ರಮ, ಪ್ರತಿ ಟಾಸ್ಕ್ ಸರ್ವರ್‌ನಲ್ಲಿ ಬೇರೆ ಬೇರೆಯಾಗಿಯೇ ಇರುತ್ತದೆ. ಒಂದನ್ನು ತಿದ್ದಿದರೆ ಮತ್ತೊಂದಕ್ಕೆ ಏನೂ ಆಗುವುದಿಲ್ಲ. ಕ್ಯಾಲ್‌ಡ್ಯಾವ್ ಸರ್ವರ್ ಆಗಿಯೂ ಕೆಲಸ ಮಾಡುವ ನೆಕ್ಸ್ಟ್‌ಕ್ಲೌಡ್‌ನಲ್ಲಿ ಖಾತೆ ಇದ್ದರೆ ಕೆಲಸ ಸುಲಭ. ಎಲ್ಲ ಮನೆಯಲ್ಲೇ ಇರಲಿ ಅಂದರೆ ರಾಡಿಕೇಲ್ ಎಂಬ ಕ್ಯಾಲ್‌ಡ್ಯಾವ್ ಸರ್ವರ್ ತಂತ್ರಾಂಶ ಹಾಕಿ. ತುಂಬಾ ಹಗುರ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೂ ಓಡುತ್ತದೆ. ಆದರೆ ಆಫೀಸಿನಿಂದ ಅದನ್ನು ತಲುಪಲು ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ಸಂಪರ್ಕ) ಥರದ ದಾರಿ ಬೇಕಾಗುತ್ತದೆ, ಹಾಗಾಗಿ ನಿಮಗೆ ನೆಕ್ಸ್ಟ್‌ಕ್ಲೌಡೇ ವಾಸಿ.

ಗೂಗಲ್ ಕ್ಯಾಲೆಂಡರ್ ಸಾಕಲ್ವಾ ಅನ್ನಿಸಬಹುದು. ಕಾರ್ಯಕ್ರಮಗಳಿಗೆ ಸಾಕು. ಆದರೆ ಅದರ ಕ್ಯಾಲ್‌ಡ್ಯಾವ್‌ನಲ್ಲಿ ಟಾಸ್ಕ್‌ಗಳಿಗೆ ಜಾಗವಿಲ್ಲ, ನಿಮ್ಮ ಟಾಸ್ಕ್ ಪಟ್ಟಿ ಎರಡೂ ಕಡೆ ಸಿಗುವುದಿಲ್ಲ.

ಎರಡೂ ಕಂಪ್ಯೂಟರ್‌ಗಳ ಥಂಡರ್‌ಬರ್ಡ್‌ನಲ್ಲಿ ಹೊಸ ಕ್ಯಾಲೆಂಡರ್ ಮಾಡುವಾಗ ‘ನೆಟ್‌ವರ್ಕ್’ ಆರಿಸಿ, ಸರ್ವರ್ ವಿಳಾಸ ಕೊಡಿ. ಆಫ್‌ಲೈನ್ ಆಯ್ಕೆಗೂ ಟಿಕ್ ಹಾಕಿ, ನೆಟ್ ಇಲ್ಲದಾಗ ಅನುಕೂಲ. ಈಗಿರುವ ಕ್ಯಾಲೆಂಡರನ್ನು ಎಕ್ಸ್‌ಪೋರ್ಟ್ ಮಾಡಿ, ಒಂದೇ ಕಂಪ್ಯೂಟರ್‌ನಿಂದ ಹೊಸದಕ್ಕೆ ಇಂಪೋರ್ಟ್ ಮಾಡಿ. ಇನ್ನೊಂದಕ್ಕೆ ತಾನಾಗಿಯೇ ಬರುತ್ತದೆ.